ರಾಗಿಯಾ, ಉರ್ಲಗಡ್ಡೆಯಾ? ಎರಡು ಎಕರೆಯವರಿಗೆ ಒಂದು ಹೋಲಿಕೆ

ಯುಗಾದಿ ಕಳೆದ ಮಾರನೇ ವಾರ ಪಾವಗಡದಿಂದ ನಮ್ಮ ಭಾವ ಫೋನ್ ಮಾಡಿದ್ದರು. ಅವರ ಹೊಸ ಬೋರಿನಲ್ಲಿ ಎರಡಿಂಚು ನೀರು ಬಿದ್ದಿತ್ತು. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. "ನಿಮ್ಮ ಕಡೆ ಎಲ್ಲಾ ಉರ್ಲಗಡ್ಡೆ ಹಾಕ್ತಾರಲ್ಲ, ನಾನೂ ಒಂದೆಕರೆ ಹಾಕಲಾ? ಇಲ್ಲಾ ರಾಗೀನೇ ಮುಂದುವರಿಸಲಾ?" ಅಂತ ಕೇಳಿದರು. ಉರ್ಲಗಡ್ಡೆ ಅಂದರೆ ಆಲೂಗಡ್ಡೆ, ನಮ್ಮ ಕಡೆಯ ಮಾತು. "ಫೋನಲ್ಲಿ ಹೇಳೋ ಮಾತಲ್ಲ ಇದು, ಬರೆದು ಕಳಿಸ್ತೀನಿ ಇರಿ ಭಾವ" ಅಂದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಎರಡು ಮೂರು ಎಕರೆ, ಒಂದು ಬೋರು, ಎರಡು ಹಸು ಇರುವ ಮನೆಗಳಲ್ಲಿ ಈ ಮಾತು ಪ್ರತಿ ವರ್ಷ ಬರುತ್ತದೆ. ಹಾಗಾಗಿ ಭಾವನಿಗೆ ಬರೆದದ್ದನ್ನು ಇನ್ನಷ್ಟು ಬಿಡಿಸಿ ಎಲ್ಲರಿಗೂ ಇಡುತ್ತಿದ್ದೇನೆ.

ನಮ್ಮದು ನಂದಿ ಬೆಟ್ಟದ ತಪ್ಪಲಿನ ಹಳ್ಳಿ. ಅಪ್ಪನ ಕಾಲದಿಂದ ಮನೆಯಲ್ಲಿ ಎರಡೂ ಬೆಳೆದಿದ್ದೇವೆ. ಎರಡರಿಂದಲೂ ಲಾಭ ಕಂಡಿದ್ದೇವೆ, ಎರಡರಲ್ಲೂ ಕೈ ಸುಟ್ಟುಕೊಂಡಿದ್ದೇವೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಮನೆಗೆ ಬೇಕಾದಷ್ಟು ರಾಗಿ. ಅದು ಕೊಯ್ಲಾದ ಮೇಲೆ ಅದೇ ಹೊಲಕ್ಕೆ ಆಲೂಗಡ್ಡೆ. ಅದೂ ಮೂರು ತಿಂಗಳು ಕೈಕೊಡದ ಬೋರಿನ ನೀರು ಮತ್ತು ನಂಬುವ ಬಿತ್ತನೆ ಎರಡೂ ಕೈಯಲ್ಲಿದ್ದರೆ ಮಾತ್ರ. ಈಗ ಯಾಕೆ ಅನ್ನುವುದಕ್ಕೆ ಬರೋಣ.

ಮೊದಲು ತಟ್ಟೆಯ ಲೆಕ್ಕ

ಆಲೂಗಡ್ಡೆ ನಮಗೆ ತರಕಾರಿ. ಅವರೆಕಾಳು ಸಾರಿಗೆ ಎರಡು ಹಾಕುತ್ತೇವೆ, ಪೂರಿ ಸಾಗುವಿಗೆ ನಾಲ್ಕು. ಹೊಟ್ಟೆ ತುಂಬಿಸುವುದು ಮುದ್ದೆ ಇಲ್ಲಾ ಅನ್ನ. ಆದರೆ ಪೆರು, ಬೊಲಿವಿಯಾದ ಬೆಟ್ಟಗಳ ಜನಕ್ಕೆ, ಬೆಲಾರೂಸಿನವರಿಗೆ, ಆಫ್ರಿಕಾದ ರುವಾಂಡಾದ ಗುಡ್ಡಗಳ ರೈತರಿಗೆ ಇದೇ ದಿನದ ಊಟ. ಜನರ ಹೊಟ್ಟೆ ತುಂಬಿಸುವ ಬೆಳೆಗಳಲ್ಲಿ ಅಕ್ಕಿ, ಗೋಧಿ ಆದ ಮೇಲೆ ಮೂರನೇ ಜಾಗ ಇದರದ್ದು. ಜಗತ್ತಿನಲ್ಲಿ ವರ್ಷಕ್ಕೆ 35 ಕೋಟಿ ಟನ್‌ಗೂ ಜಾಸ್ತಿ ಬೆಳೆಯುತ್ತಾರೆ. ಚೀನಾ ಮೊದಲು, ನಾವು ಎರಡನೆಯವರು. ಚೀನಾದವರಂತೂ 2015ರಲ್ಲಿ ಅಕ್ಕಿ, ಗೋಧಿ, ಮೆಕ್ಕೆಜೋಳದ ಸಾಲಿಗೆ ಇದನ್ನೂ ಸೇರಿಸಲು ಹೊರಟರು. ಆಲೂಗಡ್ಡೆ ಹಿಟ್ಟು ಬೆರೆಸಿದ ಹಬೆ ಬನ್ನು, ನೂಡಲ್ಸ್ ಮಾಡಿ ಜನರಿಗೆ ರೂಢಿ ಮಾಡಿಸಲು ನೋಡಿದರು.

ಹಾಗಾದರೆ ಮುದ್ದೆಯ ಜಾಗಕ್ಕೆ ಆಲೂಗಡ್ಡೆ ಬರಬಹುದಾ? ನಾನು ಒಂದು ಹೊತ್ತಿನ ಊಟ ಹಿಡಿದು ಲೆಕ್ಕ ಹಾಕಿದೆ. ಹೊಲದಲ್ಲಿ ದುಡಿಯುವವರು ಒಂದು ಹೊತ್ತಿಗೆ 150 ಗ್ರಾಂ ರಾಗಿ ಹಿಟ್ಟಿನ ಮುದ್ದೆ ತಿನ್ನುತ್ತಾರೆ ಅಂದುಕೊಳ್ಳಿ. ಅದರಿಂದ ಸಿಗುವುದು ಸುಮಾರು 480 ಕ್ಯಾಲೊರಿ. ಅಷ್ಟೇ ಕಸುವು ಅನ್ನದಿಂದ ಬೇಕಾದರೆ 135 ಗ್ರಾಂ ಅಕ್ಕಿ ಸಾಕು. ಆಲೂಗಡ್ಡೆಯಿಂದ ಬೇಕಾದರೆ ಬೇಯಿಸಿದ್ದು 550 ಗ್ರಾಂ ಬೇಕು. ಅದರಲ್ಲಿ ನೂರಕ್ಕೆ ಎಂಬತ್ತು ಭಾಗದಷ್ಟು ನೀರೇ ಇರುವುದರಿಂದ ಹೀಗೆ.

ನನಗೆ ಆಶ್ಚರ್ಯ ಆಗಿದ್ದು ಆಮೇಲೆ. ಆಲೂಗಡ್ಡೆಯಲ್ಲಿ ಬರೀ ಗಂಜಿ, ಪ್ರೊಟೀನ್ ಇಲ್ಲವೇ ಇಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ನೂರು ಗ್ರಾಂಗೆ ಎರಡೇ ಗ್ರಾಂ ಅನ್ನುವುದು ನಿಜ. ಆದರೆ ಹೊಟ್ಟೆ ತುಂಬುವಷ್ಟು ತಿಂದಾಗ ಎಷ್ಟು ಅಂತ ನೋಡಬೇಕು. ಮೇಲೆ ಹೇಳಿದ ಮೂರೂ ಊಟದಲ್ಲಿ ಪ್ರೊಟೀನ್ ಹೆಚ್ಚು ಕಮ್ಮಿ ಒಂದೇ, ಹತ್ತರಿಂದ ಹನ್ನೊಂದು ಗ್ರಾಂ. ಬೇರೆ ಕಡೆ ಜನ ತಲೆಮಾರುಗಟ್ಟಲೆ ಇದನ್ನೇ ತಿಂದು ಗಟ್ಟಿಯಾಗಿ ದುಡಿದದ್ದರ ಗುಟ್ಟು ಇದೇ. ಅದರ ಜೊತೆಗೆ, ಸಿಪ್ಪೆ ಸಮೇತ ಬೇಯಿಸಿ ತಿಂದರೆ ಒಂದು ದಿನಕ್ಕೆ ಬೇಕಾದ ವಿಟಮಿನ್ ಸಿ ಬಹುಪಾಲು ಆ ಒಂದೇ ಊಟದಲ್ಲಿ ಸಿಗುತ್ತದೆ. ರಾಗಿ, ಅಕ್ಕಿ ಎರಡರಲ್ಲೂ ಅದು ಇಲ್ಲ.

ರಾಗಿ ಗೆಲ್ಲುವುದು ಸುಣ್ಣದ ಅಂಶದಲ್ಲಿ. ಆ ಒಂದು ಹೊತ್ತಿನ ಮುದ್ದೆಯಲ್ಲಿ 540 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದುದರ ಅರ್ಧ. ಅಷ್ಟೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಆಲೂಗಡ್ಡೆ ಊಟದಲ್ಲಿ 50 ಮಿಲಿಗ್ರಾಂ ಕೂಡ ದಾಟುವುದು ಕಷ್ಟ. ಅಕ್ಕಿಯಲ್ಲಿ ಅದಕ್ಕಿಂತ ಕಮ್ಮಿ. ಬೆಳೆಯುವ ಮಕ್ಕಳು, ಬಾಣಂತಿಯರು, ವಯಸ್ಸಾದ ಹೆಂಗಸರು ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಇಳಿದ ಮನೆಗಳನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಲ್ಲಿ ಕಳೆದುಕೊಂಡದ್ದು ಬರೀ ರುಚಿಯಲ್ಲ.

ಗೆಣಸಿನ ಬಗ್ಗೆಯೂ ಒಂದು ಮಾತು. ಸಂಕ್ರಾಂತಿಗೆ ಅವರೆಕಾಯಿ ಜೊತೆ ಬೇಯಿಸಿ ತಿನ್ನುವ ಗೆಣಸು ನೀರು ಕಮ್ಮಿ ಕೇಳುತ್ತದೆ, ಬಿಸಿಲು ತಡೆಯುತ್ತದೆ, ಬಳ್ಳಿ ತುಂಡು ನೆಟ್ಟರೆ ಸಾಕು. ಮನೆ ಹಿತ್ತಲಿಗೆ ತುಂಬಾ ಒಳ್ಳೆಯದು. ಮಾರುಕಟ್ಟೆಗೆ ಅಂತ ಎಕರೆಗಟ್ಟಲೆ ಹಾಕುವಂತೆ ಮಾತ್ರ ನಾನು ಹೇಳುವುದಿಲ್ಲ.

ನೆಲ ಎಷ್ಟು ಬೇಕು, ಎಷ್ಟು ದಿನ ಕಾಯುತ್ತದೆ

ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕೆಜಿ ರಾಗಿ ಅಂದರೆ ವರ್ಷಕ್ಕೆ ಐದೂವರೆ ಕ್ವಿಂಟಾಲ್. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಾಲ್ ಬಂದರೆ ಅದಕ್ಕೆ ಇಪ್ಪತ್ತೆಂಟು ಗುಂಟೆ ಬೇಕು. ಅಷ್ಟೇ ಕಸುವಿಗೆ ಆಲೂಗಡ್ಡೆ ವರ್ಷಕ್ಕೆ ಎರಡು ಟನ್ ಬೇಕು. ಹಿಂಗಾರಿನಲ್ಲಿ ನೀರು ಹಾಯಿಸಿ, ಬೆಳೆ ಚೆನ್ನಾಗಿ ಬಂದು, ಎಕರೆಗೆ ಎಂಟು ಟನ್ ಸಿಕ್ಕಿತು ಅಂದುಕೊಳ್ಳಿ. ಹತ್ತು ಗುಂಟೆಯಲ್ಲಿ ಮುಗಿಯಿತು! ಅದೂ ಮೂರೇ ತಿಂಗಳಲ್ಲಿ.

ನೆಲ ಕಮ್ಮಿ ಇದ್ದವರು, ಗೇಣಿಗೆ ಸಿಕ್ಕಿಬಿದ್ದವರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಆಲೂಗಡ್ಡೆ ಹಬ್ಬಿದ್ದು ಇದಕ್ಕೇ. ಐರ್ಲೆಂಡಿನಲ್ಲಿ ಒಳ್ಳೆಯ ನೆಲವೆಲ್ಲ ಜಮೀನ್ದಾರರ ಗೋಧಿಗೆ, ದನಕ್ಕೆ ಹೋಗಿತ್ತು. ಕೂಲಿಯವನಿಗೆ ಉಳಿದದ್ದು ತುಂಡು ನೆಲ. ಅದರಲ್ಲಿ ಇಡೀ ಸಂಸಾರವನ್ನು ಸಾಕಿದ್ದು ಆಲೂಗಡ್ಡೆ ಮತ್ತು ಒಂದಿಷ್ಟು ಮಜ್ಜಿಗೆ.

ಆದರೆ ಆ ಎರಡು ಟನ್ ಆಲೂಗಡ್ಡೆ ಎಲ್ಲಿಡುತ್ತೀರಿ? ಇಲ್ಲಿ ಲೆಕ್ಕ ತಿರುಗುತ್ತದೆ. ಫೆಬ್ರವರಿಯಲ್ಲಿ ಅಗೆದ ಗಡ್ಡೆ ನಮ್ಮ ಬಿಸಿಲಿಗೆ ಏಪ್ರಿಲ್ ಕೊನೆಯವರೆಗೆ ಬಂದರೆ ಹೆಚ್ಚು. ಆಮೇಲೆ ಮೊಳಕೆ, ಸುಕ್ಕು, ಗಡ್ಡೆ ಕೊರೆಯುವ ಹುಳು. ಬೆಳಕು ಬಿದ್ದ ಕಡೆ ಹಸಿರಾಗುತ್ತದೆ. ಹಸಿರಾದದ್ದು ಮತ್ತು ಅದರ ಮೊಳಕೆ ಎರಡರಲ್ಲೂ ವಿಷದ ಅಂಶ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಹೆರೆದು ತೆಗೆಯಿರಿ, ಜಾಸ್ತಿ ಇದ್ದರೆ ತಿಪ್ಪೆಗೆ ಹಾಕಿ. ಮಕ್ಕಳಿಗಂತೂ ಕೊಡಬೇಡಿ.

ರಾಗಿ ಹಾಗಲ್ಲ. ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಾಳು ಎಷ್ಟು ಸಣ್ಣದೆಂದರೆ ಹುಳಕ್ಕೆ ಒಳಗೆ ಕೂರಲು ಜಾಗವೇ ಇಲ್ಲ. ನಮ್ಮ ಹಿರಿಯರು ನೆಲದಡಿ ಹಗೇವು ತೋಡಿ ತುಂಬಿಸಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ನಮ್ಮ ಊರಿನಲ್ಲಿ ಒಬ್ಬರ ಹಳೇ ಮನೆ ಕೆಡವುವಾಗ ಹಗೇವಿನ ಬಾಯಿ ಸಿಕ್ಕಿತ್ತು. ಚಿಕ್ಕವನಾಗಿ ಬಗ್ಗಿ ನೋಡಿದ್ದು ನೆನಪಿದೆ. ತಣ್ಣನೆ ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ.

ಆಲೂಗಡ್ಡೆ ಹುಟ್ಟಿದ ಊರಿನವರು ಈ ತೊಂದರೆಗೆ ಉಪಾಯ ಕಂಡುಕೊಂಡಿದ್ದಾರೆ. ಪೆರು, ಬೊಲಿವಿಯಾ ನಡುವೆ ಟಿಟಿಕಾಕಾ ಅನ್ನುವ ದೊಡ್ಡ ಸರೋವರ ಇದೆ. ಅದರ ಸುತ್ತಿನ ಆಂಡಿಸ್ ಬೆಟ್ಟಗಳಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಜನ ಇದನ್ನು ಹೊಲಕ್ಕೆ ತಂದರು. ಅಲ್ಲಿ ರಾತ್ರಿ ಹಿಮ ಬೀಳುತ್ತದೆ, ಹಗಲು ಕಡು ಬಿಸಿಲು. ಗಡ್ಡೆಯನ್ನು ರಾತ್ರಿ ಬಯಲಿನಲ್ಲಿ ಹರಡಿ ಹೆಪ್ಪುಗಟ್ಟಿಸುತ್ತಾರೆ. ಹಗಲು ಕಾಲಲ್ಲಿ ತುಳಿದು ನೀರು ಹಿಂಡುತ್ತಾರೆ. ಹೀಗೆ ಕೆಲವು ದಿನ ಮಾಡಿದರೆ ಬೆಣಚುಕಲ್ಲಿನ ಹಾಗೆ ಗಟ್ಟಿಯಾಗಿ, ಆದರೆ ಹಗುರಾಗಿ ಒಣಗುತ್ತದೆ. ಚುನ್ಯೊ ಅನ್ನುತ್ತಾರೆ. ಅದು ವರ್ಷಗಟ್ಟಲೆ ಇರುತ್ತದೆ. ಅಂದರೆ ಆಲೂಗಡ್ಡೆಯನ್ನು ರಾಗಿಯ ಹಾಗೆ ಕಾಯುವಂತೆ ಮಾಡಿದರು. ನಮ್ಮಲ್ಲಿ ಆ ಹಿಮ ಇಲ್ಲ. ಶಿವರಾತ್ರಿ ಆದ ಮೇಲೆ ಮಾಳಿಗೆಯ ಮೇಲೆ ಒಣಗಿಸುವ ಸಂಡಿಗೆ, ಚಿಪ್ಸು, ಹಪ್ಪಳವೇ ನಮ್ಮ ಚುನ್ಯೊ. ಉಳಿದದ್ದಕ್ಕೆ ಕೋಲ್ಡ್ ಸ್ಟೋರೇಜ್ ಬೇಕು, ಇಲ್ಲಾ ಅಗೆದ ವಾರವೇ ಬಂದ ಬೆಲೆಗೆ ಕೊಡಬೇಕು. ನಮ್ಮಲ್ಲಿ ಬಹಳ ಜನರಿಗೆ ಎರಡನೆಯದೇ ಗತಿ.

ಬೆಲೆಯ ಮಾತು ಇಲ್ಲಿಗೆ ಸೇರುತ್ತದೆ. ರಾಗಿಗೆ ಬೆಂಬಲ ಬೆಲೆ ಇದೆ. 2024-25ಕ್ಕೆ ಕ್ವಿಂಟಾಲ್‌ಗೆ 4,290 ರೂಪಾಯಿ, 2025-26ಕ್ಕೆ 4,886 ರೂಪಾಯಿ ಅಂತ ಕೇಂದ್ರ ಸರ್ಕಾರ ಗೊತ್ತು ಮಾಡಿತು. ಖರೀದಿ ಕೇಂದ್ರದ ಸಾಲಿನಲ್ಲಿ ನಿಲ್ಲುವ ಕಷ್ಟ ಇದ್ದೇ ಇದೆ, ಆದರೂ ಒಂದು ಲೆಕ್ಕ ಮೊದಲೇ ಗೊತ್ತಿರುತ್ತದೆ. ಆಲೂಗಡ್ಡೆಗೆ ಅಂಥದ್ದು ಇಲ್ಲ. ಆಗ್ರಾ ಕಡೆಯ ಹೊಸ ಬೆಳೆ ಜನವರಿಯಿಂದ ಮಾರ್ಚ್‌ವರೆಗೆ ದೇಶಕ್ಕೆಲ್ಲ ಹರಿಯುತ್ತದೆ, ನಮ್ಮದೂ ಅದೇ ಹೊತ್ತಿಗೆ ಅಗೆತಕ್ಕೆ ಬರುತ್ತದೆ. ಒಂದು ವರ್ಷ ಕೈತುಂಬಾ ಕೊಡುತ್ತದೆ, ಇನ್ನೊಂದು ವರ್ಷ ಅಗೆದ ಕೂಲಿಯೂ ಹುಟ್ಟುವುದಿಲ್ಲ.

ನಮ್ಮ ನೆಲಕ್ಕೆ, ನಮ್ಮ ಹಸುಗೆ

ಆಲೂಗಡ್ಡೆ ಚಳಿ ಕೇಳುವ ಬೆಳೆ. ರಾತ್ರಿಯ ಉಷ್ಣಾಂಶ 20 ಡಿಗ್ರಿ ದಾಟಿದರೆ ಗಿಡ ಹಸಿರಾಗಿ ಬೆಳೆಯುತ್ತದೆ, ಕೆಳಗೆ ಗಡ್ಡೆ ಕಟ್ಟುವುದಿಲ್ಲ. ಕೀನ್ಯಾ, ರುವಾಂಡಾ ಸಮಭಾಜಕದ ಪಕ್ಕದಲ್ಲೇ ಇದ್ದರೂ ಬೆಳೆಯುತ್ತಾರಲ್ಲ ಅಂತ ಕೇಳಬಹುದು. ಅವರು ಬೆಳೆಯುವುದು ಸಾವಿರದ ಐನೂರು ಮೀಟರಿಗೂ ಎತ್ತರದಲ್ಲಿ. ಚಿಕ್ಕಬಳ್ಳಾಪುರ ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿ, ಕೋಲಾರ ಇನ್ನೂ ಸ್ವಲ್ಪ ಕೆಳಗೆ. ಹಾಗಾಗಿ ನಮಗೆ ನಿಜವಾಗಿ ಒಪ್ಪುವುದು ಹಿಂಗಾರು: ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ನಾಟಿ, ಜನವರಿ ಕೊನೆಗೆ, ಫೆಬ್ರವರಿಗೆ ಅಗೆತ. ಪಾವಗಡ ಇನ್ನೂ ತಗ್ಗು, ಇನ್ನೂ ಬಿಸಿ. ಭಾವನಿಗೆ ನಾನು ಮೊದಲು ಹೇಳಿದ್ದೇ ಇದು. ಬೇಸಿಗೆಗೆ ಹಾಕುವ ಯೋಚನೆಯನ್ನೇ ಮಾಡಬೇಡಿ.

ನೀರು ನೋಡಿ. ಆಲೂಗಡ್ಡೆಯ ಬೇರು ಮೇಲ್ಮಟ್ಟದಲ್ಲೇ ಇರುತ್ತದೆ. ಹನಿ ನೀರಾವರಿ ಇಲ್ಲದಿದ್ದರೆ ವಾರಕ್ಕೊಮ್ಮೆಯಾದರೂ ಹಾಯಿಸಬೇಕು. ಗಡ್ಡೆ ದಪ್ಪ ಆಗುವ ಹೊತ್ತಿಗೆ, ಅಂದರೆ ನಾಟಿಯಾದ ನಲವತ್ತರಿಂದ ಎಂಬತ್ತು ದಿನದ ನಡುವೆ ಬೋರು ಕೈಕೊಟ್ಟರೆ ಮುಗಿಯಿತು. ಗಡ್ಡೆ ಗೋಲಿಯಷ್ಟೇ ಉಳಿಯುತ್ತದೆ, ಇಲ್ಲಾ ಒಣಗಿ ನೀರು ಕಂಡಾಗ ಸೀಳುತ್ತದೆ. ರಾಗಿ ಎರಡು ವಾರ ಮಳೆ ಹೋದರೂ ಎಲೆ ಸುರುಳಿ ಮಾಡಿಕೊಂಡು ಕಾಯುತ್ತದೆ, ಒಂದು ಹದ ಮಳೆ ಬಂದರೆ ಎದ್ದು ನಿಲ್ಲುತ್ತದೆ. ಸಾವಿರ ಅಡಿ ಕೊರೆದ ಬೋರಿನ ನೀರನ್ನು ನಂಬುವಾಗ ಈ ಗುಣಕ್ಕೆ ಬೆಲೆ ಕಟ್ಟಬೇಕು.

ಹಸುವಿನ ಲೆಕ್ಕವನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಕೈಗೆ ಬರುವ ದುಡ್ಡು ಹಾಲಿನ ಡೇರಿಯದ್ದು. ಒಂದೆಕರೆ ರಾಗಿ ಕಾಳಿನ ಜೊತೆ ಒಂದು ಬಣವೆ ಹುಲ್ಲು ಕೊಡುತ್ತದೆ. ಬೇಸಿಗೆಯಲ್ಲಿ ಆ ಹುಲ್ಲು ಕೊಂಡು ತರುವವರಿಗೆ ಅದರ ಬೆಲೆ ಗೊತ್ತು. ಆಲೂಗಡ್ಡೆ ಗಿಡವನ್ನು ಹಸುಗೆ ಹಾಕಲೇಬಾರದು, ಅದರ ಸೊಪ್ಪು ವಿಷ. ಹಸು ಇರುವ ಮನೆಯವರು ರಾಗಿ ಪೂರ್ತಿ ಬಿಟ್ಟು ಆಲೂಗಡ್ಡೆಗೆ ಹೋದರೆ ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಮೇವಿಗೆ ಹೋಗುತ್ತದೆ.

ಇನ್ನೊಂದು ವಿಷಯ, ಕೋಲಾರದವರು ಮುಖ್ಯವಾಗಿ ಕೇಳಿಸಿಕೊಳ್ಳಬೇಕು. ಟೊಮ್ಯಾಟೊ ಮತ್ತು ಆಲೂಗಡ್ಡೆ ಒಂದೇ ಕುಟುಂಬದ ಗಿಡಗಳು. ಬದನೆ, ಮೆಣಸಿನಕಾಯಿ ಕೂಡ. ಎಲೆಯಲ್ಲಿ ಕಪ್ಪು ಮಚ್ಚೆ ಬೀಳುವ ಅಂಗಮಾರಿ ರೋಗ ಟೊಮ್ಯಾಟೊಗೂ ಬರುತ್ತದೆ, ಆಲೂಗಡ್ಡೆಗೂ ಬರುತ್ತದೆ. ಗಿಡ ಹಸಿರಿದ್ದ ಹಾಗೇ ಒಂದೇ ದಿನಕ್ಕೆ ಬಾಡಿ ಬೀಳುವ ಸೊರಗು ರೋಗವೂ ಅಷ್ಟೇ, ಅದು ಮಣ್ಣಿನಲ್ಲೇ ಉಳಿದುಕೊಳ್ಳುತ್ತದೆ. ಟೊಮ್ಯಾಟೊ ಕಿತ್ತ ಹೊಲಕ್ಕೆ ಆಲೂಗಡ್ಡೆ ಹಾಕುವುದು ರೋಗಕ್ಕೆ ಊಟ ಬಡಿಸಿದಂತೆ. ನಡುವೆ ರಾಗಿ, ಮೆಕ್ಕೆಜೋಳದಂಥ ಬೆಳೆ ಬಂದರೆ ಆ ಸರಪಳಿ ಕಡಿಯುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ರಾಗಿ, ಆಲೂಗಡ್ಡೆ ಎದುರಾಳಿಗಳಲ್ಲ, ಒಂದರ ಹಿಂದೆ ಒಂದು ಬರುವ ಜೋಡಿ. ಜುಲೈನಲ್ಲಿ ಜಿಪಿಯು-28 ಅನ್ನುವ ತಳಿಯ ರಾಗಿ ಹಾಕಿದರೆ 110-115 ದಿನಕ್ಕೆ ಕೊಯ್ಲು. ಅದಕ್ಕೆ ಬೆಂಕಿ ರೋಗ ತಡೆಯುವ ಶಕ್ತಿಯೂ ಇದೆ. ನವೆಂಬರ್ ನಡುವಿಗೆ ಹೊಲ ಖಾಲಿ, ಆಲೂಗಡ್ಡೆಗೆ ಸರಿಯಾದ ಚಳಿ. ಆಲೂಗಡ್ಡೆಗೆ ಹಾಕಿದ ಕೊಟ್ಟಿಗೆ ಗೊಬ್ಬರ, ಏರು ಮಾಡಿ ಸಡಿಲಾದ ಮಣ್ಣು ಮುಂದಿನ ವರ್ಷದ ರಾಗಿಗೆ ಸಿಗುತ್ತದೆ. ಆಲೂಗಡ್ಡೆ ಅಗೆದ ಹೊಲದ ರಾಗಿ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಬೇರೆ ಸಾಕ್ಷಿ ಬೇಡ.

ಬಿತ್ತನೆ: ಅಸಲಿ ಆಯ್ಕೆ ಇರುವುದು ಇಲ್ಲೇ

ಒಂದೆಕರೆ ರಾಗಿ ನಾಟಿಗೆ ಎರಡು ಕೆಜಿ ಬಿತ್ತನೆ ಸಾಕು. ಎಂಟು ಕ್ವಿಂಟಾಲ್ ಬಂದರೂ ಒಂದಕ್ಕೆ ನಾನೂರು. ಒಂದೆಕರೆ ಆಲೂಗಡ್ಡೆಗೆ ಗಡ್ಡೆಯ ಗಾತ್ರ ನೋಡಿಕೊಂಡು ಆರರಿಂದ ಹತ್ತು ಕ್ವಿಂಟಾಲ್ ಬಿತ್ತನೆ ಬೇಕು. ಚೆನ್ನಾಗಿ ಬಂದರೆ ಒಂದಕ್ಕೆ ಹತ್ತು. ಖರ್ಚಿನ ದೊಡ್ಡ ಪಾಲು ಬಿತ್ತನೆಗೇ ಹೋಗುತ್ತದೆ, ಅದು ಕೊಳೆತರೆ ಆ ವರ್ಷ ಮುಗಿದ ಹಾಗೆ.

ನಮಗೆ ಅದು ಗೊತ್ತಾಗಿದ್ದು 2021ರಲ್ಲಿ. ಆ ವರ್ಷ ನವೆಂಬರ್ ಮೊದಲಲ್ಲಿ ಪಂಜಾಬಿನ ಬಿತ್ತನೆ ಅಂತ ಒಬ್ಬ ವ್ಯಾಪಾರಿಯಿಂದ ತಂದೆವು. ಲಾರಿಯಿಂದ ಇಳಿಸಿದಾಗ ಮೂಟೆಗಳು ಬೆವರಿದ್ದವು. ಕೋಲ್ಡ್ ಸ್ಟೋರೇಜಿನಿಂದ ಬಂದ ಗಡ್ಡೆಯನ್ನು ನೆರಳಿನಲ್ಲಿ ಹರಡಿ ಎಂಟು ಹತ್ತು ದಿನ ಬಿಡಬೇಕು, ಕಣ್ಣು ಒಡೆದ ಮೇಲೆ ಕತ್ತರಿಸಬೇಕು. ಅದು ನಮಗೂ ಗೊತ್ತಿತ್ತು. ಆದರೆ ಆಳು ಸಿಕ್ಕಿದ್ದಾರೆ, ಹದ ಹೋಗುತ್ತದೆ ಅಂತ ಅವತ್ತು ಸಂಜೆಯೇ ಕತ್ತರಿಸಿ ಮರುದಿನ ನೆಟ್ಟುಬಿಟ್ಟೆವು. ಆಮೇಲೆ ಆ ನವೆಂಬರ್ ಮಳೆ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಅದನ್ನು ಯಾರೂ ಮರೆತಿಲ್ಲ. ಕೆರೆಗಳು ಕೋಡಿ ಹರಿದವು. ನಮ್ಮ ಸಾಲುಗಳಲ್ಲಿ ಅರ್ಧಕ್ಕರ್ಧ ಗಡ್ಡೆ ಮಣ್ಣೊಳಗೇ ಕೊಳೆತು ನಾರಿತು. ಪಕ್ಕದ ಹೊಲದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿಯೂ ಮಲಗಿ ತೆನೆಯಲ್ಲೇ ಮೊಳಕೆ ಬಂತು. ಎರಡೂ ಹೋದವು.

ಆ ವರ್ಷ ನಾವು ಊಟಕ್ಕೆ ಸಾಲ ಮಾಡಲಿಲ್ಲ. ಹಿಂದಿನ ವರ್ಷದ ರಾಗಿ ಹನ್ನೊಂದು ಮೂಟೆ ಒಳಗಿತ್ತು. ಅಮ್ಮ ಮಾರಲು ಬಿಟ್ಟಿರಲಿಲ್ಲ. ಮನೆಗೆ ಮೊದಲು ರಾಗಿ ಅಂತ ನಾನು ಗಟ್ಟಿಯಾಗಿ ಹೇಳುವುದು ಆ ಹನ್ನೊಂದು ಮೂಟೆಯ ಋಣದಿಂದ.

ಬಿತ್ತನೆ ಎಲ್ಲಿಂದ ತರುವುದು? ಮನೆಯದ್ದೇ ಇಟ್ಟುಕೊಂಡರೆ ದುಡ್ಡು ಉಳಿಯುತ್ತದೆ, ಆದರೆ ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿಯುತ್ತದೆ. ಆಲೂಗಡ್ಡೆಯನ್ನು ನಾವು ಬೀಜದಿಂದ ಬೆಳೆಯುವುದಿಲ್ಲ, ಗಡ್ಡೆಯ ತುಂಡಿನಿಂದ. ತಾಯಿಗಿಡದಲ್ಲಿದ್ದ ನಂಜು (ವೈರಸ್) ರೋಗ ಹಾಗೇ ಮಗುವಿಗೆ ಬರುತ್ತದೆ. ಅದನ್ನು ಹರಡುವುದು ಗಿಡಹೇನು. ಪಂಜಾಬಿನ ಜಲಂಧರದ ಬಿತ್ತನೆಗೆ ಹೆಸರು ಬಂದಿದ್ದು ಇದೇ ಕಾರಣಕ್ಕೆ. ಅಲ್ಲಿ ಹೇನು ಕಮ್ಮಿ ಇರುವ ತಿಂಗಳುಗಳಲ್ಲೇ ಬೆಳೆಸಿ, ಹೇನು ಏರುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿಬಿಡುತ್ತಾರೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಕಲಿಸಿದ ದಾರಿ ಅದು. ಮೂಟೆಯ ಮೇಲೆ ಜಲಂಧರ ಅಂತ ಬರೆದ ಮಾತ್ರಕ್ಕೆ ಅದು ದೃಢೀಕರಿಸಿದ ಬಿತ್ತನೆ ಆಗುವುದಿಲ್ಲ. ಚೀಟಿ ನೋಡಿ, ಬಿಲ್ ಕೇಳಿ, ಒಂದು ಮೂಟೆ ಸುರಿಸಿ ನೋಡಿ. ಕೊಳೆತ ವಾಸನೆ ಇದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

ಮೂರನೇ ದಾರಿ ಹೊಸದು. ಲ್ಯಾಬಿನಲ್ಲಿ ಬೆಳೆಸಿದ ರೋಗವಿಲ್ಲದ ಗಿಡದ ತುದಿ ಕತ್ತರಿಸಿ, ಟ್ರೇನಲ್ಲಿ ಬೇರು ಬರಿಸಿ, ಟೊಮ್ಯಾಟೊ ಸಸಿಯ ಹಾಗೆ ನೆಡುವುದು. ವಿಯೆಟ್ನಾಮಿನ ದಲಾತ್ ಕಡೆಯ ರೈತರು ಹೀಗೇ ಬೆಳೆಯುತ್ತಾರೆ. ನಮ್ಮ ರಾಜ್ಯದಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇದನ್ನು ರೈತರ ಹತ್ತಿರ ತಂದಿದೆ. ಜೊತೆಗಿರುವುದು ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ. ಮೊದಲ ವರ್ಷ ಈ ಸಸಿಯಿಂದ ಬಿತ್ತನೆ ಗಡ್ಡೆ ಮಾಡಿಕೊಂಡು, ಮುಂದಿನ ವರ್ಷ ಅದನ್ನು ಹೊಲಕ್ಕೆ ಹಾಕಬಹುದು. ನಮ್ಮ ಕಡೆ ಟೊಮ್ಯಾಟೊ, ಕೋಸು ಸಸಿ ಬೆಳೆಸುವ ನರ್ಸರಿಗಳು ಬೇಕಾದಷ್ಟಿವೆ, ಕೈಯೂ ಪಳಗಿದೆ. ನಾಲ್ಕೈದು ಮನೆಯವರು ಸೇರಿ ಮಾಡಿದರೆ ಲಾರಿ ದಾರಿ ಕಾಯುವುದು ತಪ್ಪುತ್ತದೆ.

ತಳಿಯಲ್ಲಿ ನಮ್ಮ ಕಡೆ ಹಳೇ ನಂಬಿಕೆ ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದದ್ದು. ಕುಫ್ರಿ ಅನ್ನುವುದು ಶಿಮ್ಲಾ ಪಕ್ಕದ ಊರು. ಬಿಳಿ ಸಿಪ್ಪೆ, ಒಳ್ಳೆ ಆಕಾರ, ಮಂಡಿಯಲ್ಲಿ ಕಣ್ಣಿಗೆ ಹಿಡಿಯುತ್ತದೆ. ಆಗ ಅದಕ್ಕೆ ಅಂಗಮಾರಿ ತಡೆಯುವ ಶಕ್ತಿ ಇತ್ತು, ಈಗ ಉಳಿದಿಲ್ಲ. ರೋಗ ಅದನ್ನು ಮೀರಿ ಬೆಳೆದಿದೆ. ಡಿಸೆಂಬರ್, ಜನವರಿಯಲ್ಲಿ ಮೂರು ನಾಲ್ಕು ದಿನ ಮೋಡ, ಮಂಜು ಕವಿದರೆ ಎಲೆಯ ಅಂಚಿನಲ್ಲಿ ನೀರು ಹೀರಿದಂಥ ಕಪ್ಪು ಮಚ್ಚೆ ಕಾಣುತ್ತದೆ. ಎಲೆ ತಿರುಗಿಸಿ ನೋಡಿದರೆ ಬಿಳಿ ಬೂಜು. ಮಚ್ಚೆ ಕಂಡ ಮೇಲೆ ಔಷಧಿಗೆ ಓಡಿದರೆ ತಡ. ಮೋಡ ಕಂಡಾಗಲೇ ಮುಂಜಾಗ್ರತೆಗೆ ಸಿಂಪಡಿಸಬೇಕು.

ಐರ್ಲೆಂಡಿನಲ್ಲಿ 1845ರಲ್ಲಿ ಬಂದಿದ್ದು ಇದೇ ರೋಗ. ಅಲ್ಲಿನ ಬಡವರು ಬಹುಪಾಲು ಲಂಪರ್ ಅನ್ನುವ ಒಂದೇ ತಳಿ ಹಾಕಿದ್ದರು. ಗಡ್ಡೆಯಿಂದ ಗಡ್ಡೆ ಬೆಳೆದದ್ದರಿಂದ ದೇಶದ ಹೊಲಗಳೆಲ್ಲ ಒಂದೇ ಗಿಡ ಇದ್ದ ಹಾಗೆ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಆ ವರ್ಷಗಳಲ್ಲೂ ಅಲ್ಲಿಂದ ಧಾನ್ಯ ಹೊರಗೆ ಸಾಗುತ್ತಲೇ ಇತ್ತು. ಆಂಡಿಸ್‌ನ ರೈತ ಒಂದೇ ಹೊಲದಲ್ಲಿ ಹತ್ತಾರು ಬಣ್ಣದ, ಆಕಾರದ ಗಡ್ಡೆ ಸೇರಿಸಿ ಹಾಕುತ್ತಾನೆ. ಒಂದು ಹೋದರೆ ಇನ್ನೊಂದು ಉಳಿಯುತ್ತದೆ.

ಅದಕ್ಕೇ ನಾವು ಈಗ ಜ್ಯೋತಿ ಜೊತೆ ಕುಫ್ರಿ ಹಿಮಾಲಿನಿಯನ್ನೂ ಹಾಕುತ್ತೇವೆ. ಅಂಗಮಾರಿಯನ್ನು ಅದು ಜಾಸ್ತಿ ತಡೆಯುತ್ತದೆ. ಪುಖ್‌ರಾಜ್ ಬೇಗ ದಪ್ಪ ಆಗುತ್ತದೆ, ಬೇಗ ಮಾರುಕಟ್ಟೆ ಹಿಡಿಯಬೇಕಾದವರಿಗೆ ಒಳ್ಳೆಯದು. ತಿರುಳು ಹಳದಿ, ನೀರು ಜಾಸ್ತಿ, ಬೇಯಿಸಿದರೆ ಸ್ವಲ್ಪ ಅಂಟು. ಸಾರಿಗೆ ಸರಿ, ಬೋಂಡಾಗೆ ನನಗೆ ಹಿಡಿಸುವುದಿಲ್ಲ. ಭಾವನ ಪಾವಗಡಕ್ಕೆ ನಾನು ಹೇಳಿದ್ದು ಕುಫ್ರಿ ಸೂರ್ಯ. ಸ್ವಲ್ಪ ಸೆಖೆ ಇದ್ದರೂ ಗಡ್ಡೆ ಕಟ್ಟಲಿ ಅಂತಲೇ ಮಾಡಿದ ತಳಿ ಅದು. ಬಿತ್ತನೆ ಸಿಗುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು.

ಚಿಪ್ಸ್ ಕಂಪನಿಯ ಒಪ್ಪಂದಕ್ಕೆ ಹಾಕುವವರಿಗೆ ಬೇರೆಯದೇ ತಳಿ: ಚಿಪ್ಸೋನಾ, ಅಟ್ಲಾಂಟಿಕ್. ಸಕ್ಕರೆ ಅಂಶ ಕಮ್ಮಿ, ಕರಿದರೆ ಕಪ್ಪಾಗುವುದಿಲ್ಲ. ತಣ್ಣಗೆ ಇಟ್ಟ ಮಾಮೂಲಿ ಗಡ್ಡೆಯಲ್ಲಿ ಗಂಜಿ ಸಕ್ಕರೆಯಾಗಿ ತಿರುಗುತ್ತದೆ. ಮಳೆಗಾಲದಲ್ಲಿ ಅಂಗಡಿಯ ಆಲೂಗಡ್ಡೆ ಸಿಹಿಯಾಗಿ, ಚಿಪ್ಸು ಕಂದಾಗುವುದು ಇದಕ್ಕೇ. ಒಪ್ಪಂದದಲ್ಲಿ ಬೆಲೆ ಮೊದಲೇ ಗೊತ್ತಿರುತ್ತದೆ, ಅದು ದೊಡ್ಡ ನೆಮ್ಮದಿ. ಗಾತ್ರ, ಗಾಯ, ಹಸಿರು ಅಂತ ಎಷ್ಟು ತಳ್ಳಿಹಾಕಬಹುದು ಅನ್ನುವ ಸಾಲನ್ನು ಮಾತ್ರ ಸಹಿ ಮಾಡುವ ಮೊದಲು ಎರಡು ಸಲ ಓದಿ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಬೇಕು.

ಭಾವನಿಗೆ ಕೊನೆಗೆ ಹೇಳಿದ್ದು

ನೀರು ಇಲ್ಲದವರು ಈ ಪ್ರಶ್ನೆಯನ್ನೇ ಕೇಳಬೇಕಾಗಿಲ್ಲ. ರಾಗಿ, ಜೊತೆಗೆ ಸಾಲಿನಲ್ಲಿ ಅವರೆ, ತೊಗರಿ. ನೀರಿದ್ದು ಬಂಡವಾಳ ಇಲ್ಲದವರು ಸಾಲ ತಂದು ಒಂದೆಕರೆ ಆಲೂಗಡ್ಡೆ ಹಾಕುವುದು ಬೇಡ. ಬಿತ್ತನೆ, ಗೊಬ್ಬರ, ಔಷಧಿ, ಅಗೆತದ ಕೂಲಿ ಎಲ್ಲ ಸೇರಿದಷ್ಟು ದುಡ್ಡು ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟೇ ಗುಂಟೆಗೆ ನಿಲ್ಲಿಸಿ. ಹಿಂದಿನ ಬೆಳೆ ಟೊಮ್ಯಾಟೊ ಆಗಿದ್ದರೆ ಒಂದು ವರ್ಷ ತಡೆಯಿರಿ. ಕಪ್ಪು ಜಿಗುಟು ಮಣ್ಣಿನ ತುಂಡಿಗೆ ಹಾಕಬೇಡಿ. ನೀರು ಬಸಿಯುವ ಕೆಂಪು ಮರಳು ಮಣ್ಣೇ ಬೇಕು.

ಬಿತ್ತನೆ ಗಡ್ಡೆ ಕತ್ತರಿಸುವ ಚಾಕುವನ್ನು ಆಗಾಗ ಔಷಧಿ ನೀರಿನಲ್ಲಿ ಅದ್ದುತ್ತಿರಿ, ಒಂದು ರೋಗದ ಗಡ್ಡೆ ಕತ್ತರಿಸಿದ ಚಾಕು ಇಡೀ ಮೂಟೆಗೆ ಅಂಟಿಸುತ್ತದೆ. ಪ್ರತಿ ತುಂಡಿನಲ್ಲೂ ಎರಡು ಮೂರು ಕಣ್ಣಿರಲಿ. ಲೀಟರಿಗೆ ಎರಡು ಮೂರು ಗ್ರಾಂ ಮ್ಯಾಂಕೋಜೆಬ್ (ಬೂಜು ತಡೆಯುವ ಔಷಧಿ) ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ನೆರಳಲ್ಲಿ ಆರಿಸಿ ನೆಡಿ. ನೆಟ್ಟು ಒಂದು ತಿಂಗಳಾದಾಗ ಗಿಡದ ಬುಡಕ್ಕೆ ಮಣ್ಣು ಏರಿಸಿ. ಗಡ್ಡೆ ಹೊರಗೆ ಇಣುಕಿದರೆ ಹಸಿರಾಗುತ್ತದೆ, ಹುಳವೂ ಮೊಟ್ಟೆ ಇಡುತ್ತದೆ. ಅಗೆಯುವ ಹತ್ತು ದಿನ ಮೊದಲು ನೀರು ನಿಲ್ಲಿಸಿ ಗಿಡ ಕೊಯ್ದುಬಿಡಿ. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿಯಬಾರದು, ಆಗ ಅಗೆಯಿರಿ. ಅಗೆದದ್ದನ್ನು ಮರದ ನೆರಳಿನಲ್ಲಿ ರಾಶಿ ಹಾಕಿ, ಮೇಲೆ ರಾಗಿ ಹುಲ್ಲು ಹೊದಿಸಿ ವಾರ ಹತ್ತು ದಿನ ಬಿಟ್ಟರೆ ಗಾಯ ಮಾಯುತ್ತದೆ. ಆಮೇಲೆ ಆರಿಸಿ ಮೂಟೆ ಕಟ್ಟಿ.

ಇಷ್ಟು ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಭಾವ ಮತ್ತೆ ಫೋನ್ ಮಾಡಿದರು. ಒಂದೆಕರೆ ರಾಗಿ ಇದ್ದ ಹಾಗೇ ಇರಲಿ, ಕೊಯ್ಲಾದ ಮೇಲೆ ಅದರಲ್ಲೇ ಹತ್ತು ಗುಂಟೆ ಮಾತ್ರ ಗಡ್ಡೆ ಹಾಕ್ತೀನಿ ಅಂದರು. ಹತ್ತು ಗುಂಟೆಗೆ ಎರಡು ಕ್ವಿಂಟಾಲ್ ಬೇಕು. ಅಕ್ಟೋಬರ್‌ಗೆ ನಾವು ತರಿಸುವ ಬಿತ್ತನೆಯಲ್ಲಿ ಅವರ ಹೆಸರಿಗೂ ನಾಲ್ಕು ಮೂಟೆ ಹೇಳಿಟ್ಟಿದ್ದೇನೆ.